ಥೈರಾಯ್ಡ್ ಇದ್ದವರಿಗೆ ಗುಳ್ಳೆ ರೋಗ ಬರುತ್ತಾ? ಹಾಸನ, ಚಿಕ್ಕಮಗಳೂರಿನ ಲೆಕ್ಕದಲ್ಲಿ ಒಂದು ನೋಟ

‘ಥೈರಾಯ್ಡ್ ಇದ್ದವರೇ ಎಚ್ಚರ! ಮೈಮೇಲೆ ಗುಳ್ಳೆ ಏಳುವ ಮಾರಕ ಕಾಯಿಲೆಗೂ ಇದಕ್ಕೂ ನಂಟಿದೆ.’ ಈ ಧಾಟಿಯ ತಲೆಬರಹಗಳು ಆರೋಗ್ಯ ಸುದ್ದಿಗಳಲ್ಲಿ ಆಗಾಗ ಕಾಣಿಸುತ್ತವೆ. ಅದೇ ಸುದ್ದಿ ವಾಟ್ಸಾಪ್‌ಗೆ ಬರುವ ಹೊತ್ತಿಗೆ ‘ಥೈರಾಯ್ಡ್ ಮಾತ್ರೆ ತಗೊಂಡ್ರೆ ಚರ್ಮ ಕಿತ್ತು ಬರುತ್ತಂತೆ’ ಎಂದಾಗಿರುತ್ತದೆ. ಮನೆಗೊಬ್ಬರಾದರೂ ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವ ಕಾಲ ಇದು. ಓದಿದವರಿಗೆ ದಿಗಿಲಾಗುವುದು ಸಹಜ.

ಸುದ್ದಿ ಪೂರ್ತಿ ಸುಳ್ಳಲ್ಲ. ಚರ್ಮದ ಮೇಲೆ ಗುಳ್ಳೆ ಏಳಿಸುವ ಕೆಲವು ಕಾಯಿಲೆಗಳು ಮತ್ತು ಥೈರಾಯ್ಡ್ ಕಾಯಿಲೆ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಆದರೆ ‘ಒಟ್ಟಿಗೆ ಇರುವುದು’ ಬೇರೆ, ‘ಒಂದರಿಂದ ಇನ್ನೊಂದು ಬರುವುದು’ ಬೇರೆ. ಈ ಸುದ್ದಿಗಳಲ್ಲಿ ಬಹಳಷ್ಟು ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಮಾಡುವುದರಿಂದ.

ಯಾವ ಗುಳ್ಳೆಯ ಬಗ್ಗೆ ಮಾತು?

ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಮೊದಲು ಬರುವ ಅನುಮಾನ ಸರ್ಪಸುತ್ತು. ಇಲ್ಲವೇ ‘ಅಮ್ಮ ಆಗಿದೆ’ ಎನ್ನುತ್ತಾರೆ. ಎರಡೂ ವೈರಸ್‌ನಿಂದ ಬರುತ್ತವೆ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ ಏಳುತ್ತದೆ. ಕೆಲವು ವಾರಗಳಲ್ಲಿ ಒಣಗುತ್ತದೆ. ಇಲ್ಲಿ ಹೇಳುತ್ತಿರುವುದು ಅವುಗಳ ಬಗ್ಗೆ ಅಲ್ಲ.

ಇಲ್ಲಿನ ವಿಷಯ ‘ಆಟೋಇಮ್ಯೂನ್’ ಗುಳ್ಳೆ ರೋಗಗಳು. ಅಂದರೆ ರೋಗಾಣುವಿನ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ದಿಕ್ಕು ತಪ್ಪಿ ನಮ್ಮ ಚರ್ಮದ ಮೇಲೇ ಬೀಳುವುದು. ಇವು ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಬಟ್ಟೆ ಹಂಚಿಕೊಂಡರೆ ಹರಡುವುದಿಲ್ಲ.

ನಮ್ಮ ದೇಶದಲ್ಲಿ ಇವುಗಳಲ್ಲಿ ಹೆಚ್ಚು ಕಾಣುವುದು ಪೆಂಫಿಗಸ್ ವಲ್ಗ್ಯಾರಿಸ್. ಚರ್ಮದ ಜೀವಕೋಶಗಳು ಒಂದಕ್ಕೊಂದು ಹೊಲಿಗೆ ಹಾಕಿದಂತೆ ಸೇರಿಕೊಂಡಿರುತ್ತವೆ. ಆ ಹೊಲಿಗೆಯ ದಾರವೇ ಡೆಸ್ಮೊಗ್ಲೀನ್ ಎಂಬ ಪ್ರೋಟೀನು. ಪೆಂಫಿಗಸ್‌ನಲ್ಲಿ ದೇಹ ಈ ಡೆಸ್ಮೊಗ್ಲೀನ್ ವಿರುದ್ಧವೇ ಪ್ರತಿಕಾಯ, ಅಂದರೆ ಆಂಟಿಬಾಡಿ ತಯಾರಿಸುತ್ತದೆ. ಹೊಲಿಗೆ ಬಿಚ್ಚುತ್ತದೆ. ನಡುವೆ ನೀರು ತುಂಬಿ ಮೆತ್ತನೆಯ ಗುಳ್ಳೆ ಏಳುತ್ತದೆ. ಸ್ವಲ್ಪ ಉಜ್ಜಿದರೂ ಒಡೆದು ಹಸಿ ಗಾಯ ಉಳಿಯುತ್ತದೆ.

ಬಾಯಿಯ ಒಳಪೊರೆ ಹೆಚ್ಚಾಗಿ ನಿಂತಿರುವುದು ಡೆಸ್ಮೊಗ್ಲೀನ್-3ರ ಮೇಲೆ. ದಾಳಿ ಶುರುವಾಗುವುದೂ ಹೆಚ್ಚಾಗಿ ಅದರ ಮೇಲೇ. ಹಾಗಾಗಿ ಬಹಳಷ್ಟು ರೋಗಿಗಳಲ್ಲಿ ಮೊದಲು ಬರುವುದು ಮೈಮೇಲಿನ ಗುಳ್ಳೆ ಅಲ್ಲ, ಬಾಯಿಹುಣ್ಣು. ಡೆಸ್ಮೊಗ್ಲೀನ್-1ರ ವಿರುದ್ಧವೂ ಪ್ರತಿಕಾಯ ಬಂದಾಗ ಮೈಮೇಲೆ ಗುಳ್ಳೆ ಏಳುತ್ತದೆ. ಈ ನಡುವಿನ ತಿಂಗಳುಗಳಲ್ಲಿ ‘ಹೀಟ್ ಆಗಿದೆ’ ಎಂದು ಎಳನೀರು ಕುಡಿಸಿ, ಬಿ-ಕಾಂಪ್ಲೆಕ್ಸ್ ನುಂಗಿಸಿ ಕಾಲ ಕಳೆಯುವುದು ಜಾಸ್ತಿ. ಭಾರತದಲ್ಲಿ ಈ ಕಾಯಿಲೆ ನಡುವಯಸ್ಸಿನವರಲ್ಲೇ ಹೆಚ್ಚು. ದುಡಿಯುವ ವಯಸ್ಸಿನವರು ಉಪ್ಪು, ಖಾರ ಮುಟ್ಟಲಾಗದೆ ತೂಕ ಕಳೆದುಕೊಳ್ಳುತ್ತಾರೆ.

ಎರಡನೆಯದು ಬುಲ್ಲಸ್ ಪೆಂಫಿಗಾಯ್ಡ್. ಇದು ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಇಲ್ಲಿ ದಾಳಿ ನಡೆಯುವುದು ಮೇಲ್ಪದರ ಮತ್ತು ಒಳಪದರ ಕೂಡುವ ಜಾಗದಲ್ಲಿ. ಗುಳ್ಳೆ ಬಿಗಿಯಾಗಿರುತ್ತದೆ, ಬೇಗ ಒಡೆಯುವುದಿಲ್ಲ, ತುರಿಕೆ ವಿಪರೀತ. ಮೂರನೆಯದು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಮೊಣಕೈ, ಮೊಣಕಾಲು, ಕುಂಡಿಯ ಮೇಲೆ ತುರಿಸುವ ಸಣ್ಣ ಗುಳ್ಳೆಗಳು. ಗೋಧಿಯಲ್ಲಿರುವ ಗ್ಲೂಟೆನ್ ಒಗ್ಗದಿರುವುದೇ ಇದರ ಮೂಲ. ಅನ್ನ, ರಾಗಿಮುದ್ದೆಯಲ್ಲಿ ಗ್ಲೂಟೆನ್ ಇಲ್ಲ. ಚಪಾತಿ, ರವೆ, ಮೈದಾದಲ್ಲಿ ಇದೆ. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಅಪರೂಪ.

ಥೈರಾಯ್ಡ್ ಜೊತೆಗಿನ ನಂಟು ಈ ಮೂರಕ್ಕೂ ಒಂದೇ ಸಮ ಅಲ್ಲ. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್‌ನಲ್ಲಿ ಅದು ಹಿಂದಿನಿಂದಲೂ ಗಟ್ಟಿಯಾಗಿ ಕಂಡಿದೆ. ಪೆಂಫಿಗಸ್‌ನಲ್ಲಿ ಇದೆ, ಆದರೆ ಎಷ್ಟು ಎಂಬುದರ ಬಗ್ಗೆ ವಾದ ಇದೆ. ಪೆಂಫಿಗಾಯ್ಡ್‌ನಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದರ ಗಟ್ಟಿ ನಂಟು ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆಗಳ ಜೊತೆ. ‘ಗುಳ್ಳೆ ರೋಗ’ ಎಂದು ಒಂದೇ ಹೆಸರಿನಲ್ಲಿ ಸುದ್ದಿ ಬರೆದರೆ ಈ ವ್ಯತ್ಯಾಸ ಎಲ್ಲಾ ಅಳಿಸಿಹೋಗುತ್ತದೆ.

ಥೈರಾಯ್ಡ್‌ನಲ್ಲೂ ಎರಡು ಕಥೆ

ಮಲೆನಾಡಿನ ಹಳಬರಿಗೆ ಗಳಗಂಡ ಗೊತ್ತು. ಜೋರು ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುವ ಬೆಟ್ಟದ ಸೀಮೆಗಳಲ್ಲಿ ಕುತ್ತಿಗೆ ಊದಿಕೊಂಡವರು ಒಂದು ಕಾಲಕ್ಕೆ ಸಾಮಾನ್ಯ. ಕೇಂದ್ರ ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅಯೋಡಿನ್ ಉಪ್ಪು ಮನೆಮನೆಗೆ ಬಂದದ್ದು ಹೀಗೆ.

ಆದರೆ ಅದು ಪೋಷಕಾಂಶದ ಕೊರತೆ. ಈಗ ಮಾತ್ರೆ ತೆಗೆದುಕೊಳ್ಳುತ್ತಿರುವ ಬಹಳಷ್ಟು ಮಂದಿಯದ್ದು ಬೇರೆ ಥರ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ ಅದು. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ನಿಧಾನವಾಗಿ ಹಾಳು ಮಾಡುತ್ತದೆ. ಹಾರ್ಮೋನು ಕಡಿಮೆಯಾಗುತ್ತದೆ, ಸುಸ್ತು, ತೂಕ, ಮಲಬದ್ಧತೆ, ಕೂದಲು ಉದುರುವುದು ಶುರುವಾಗುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಇದರ ಉಲ್ಟಾ: ಪ್ರತಿಕಾಯಗಳು ಗ್ರಂಥಿಯನ್ನು ಕೆರಳಿಸಿ ಹಾರ್ಮೋನು ಹೆಚ್ಚಿಸುತ್ತವೆ. ಗುಳ್ಳೆ ರೋಗದ ಜೊತೆ ನಂಟು ಇದೆ ಎನ್ನುವುದು ಈ ಆಟೋಇಮ್ಯೂನ್ ಥೈರಾಯ್ಡ್‌ಗೆ. ಅಯೋಡಿನ್ ಕೊರತೆಯ ಗಳಗಂಡಕ್ಕಾಗಲಿ, ಆಪರೇಷನ್ ಮಾಡಿ ಗ್ರಂಥಿ ತೆಗೆಸಿಕೊಂಡವರಿಗಾಗಲಿ ಈ ಮಾತು ಅನ್ವಯಿಸುವುದಿಲ್ಲ.

ಲೆಕ್ಕ ಹಾಕಿದರೆ ಏನು ಸಿಗುತ್ತದೆ

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಗಳೂರೂ ಸೇರಿ ದೇಶದ 8 ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿದ್ದರು. ಅವರಲ್ಲಿ ಶೇ 10.95 ಮಂದಿಗೆ ಥೈರಾಯ್ಡ್ ಹಾರ್ಮೋನು ಕಡಿಮೆ ಇತ್ತು. ಹತ್ತಕ್ಕೆ ಒಬ್ಬರಿಗಿಂತ ಜಾಸ್ತಿ. ಆಂಟಿ-ಟಿಪಿಒ ಎಂಬ ಥೈರಾಯ್ಡ್ ಪ್ರತಿಕಾಯ ಶೇ 21.85 ಮಂದಿಯಲ್ಲಿ ಸಿಕ್ಕಿತು. ಅಂದರೆ ಐವರಲ್ಲಿ ಒಬ್ಬರ ರಕ್ತದಲ್ಲಿ ಪ್ರತಿಕಾಯ ಇದೆ. ಅವರಲ್ಲಿ ಬಹಳಷ್ಟು ಮಂದಿಗೆ ಥೈರಾಯ್ಡ್ ಸರಿಯಾಗೇ ಕೆಲಸ ಮಾಡುತ್ತಿರುತ್ತದೆ.

ಪೆಂಫಿಗಸ್ ಎಷ್ಟು? ಕೇರಳದ ತ್ರಿಶೂರು ಜಿಲ್ಲೆಯಲ್ಲಿ ನಡೆದ ಒಂದು ಸಮೀಕ್ಷೆಯ ಪ್ರಕಾರ ವರ್ಷಕ್ಕೆ 10 ಲಕ್ಷ ಜನರಲ್ಲಿ 4.4 ಹೊಸ ರೋಗಿಗಳು. 2011ರ ಜನಗಣತಿಯಲ್ಲಿ ಹಾಸನದ ಜನಸಂಖ್ಯೆ ಸುಮಾರು 17.76 ಲಕ್ಷ, ಚಿಕ್ಕಮಗಳೂರಿನದು 11.37 ಲಕ್ಷ. ತ್ರಿಶೂರಿನ ದರವನ್ನೇ ಇಲ್ಲಿಗೂ ಹಾಕಿ ನೋಡಿದರೆ ಹಾಸನದಲ್ಲಿ ವರ್ಷಕ್ಕೆ 8, ಚಿಕ್ಕಮಗಳೂರಿನಲ್ಲಿ 5. ಎರಡೂ ಜಿಲ್ಲೆ ಸೇರಿ 13 ಹೊಸ ಪೆಂಫಿಗಸ್ ರೋಗಿಗಳು. ಇದು ಅಂದಾಜು ಅಷ್ಟೇ. ಆದರೆ ಪ್ರಮಾಣದ ಅರಿವಿಗೆ ಸಾಕು.

ಈಗ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡೋಣ. ಎರಡು ಕಾಯಿಲೆಗೂ ಯಾವ ನಂಟೂ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಪ್ರತಿ ಹತ್ತು ಪೆಂಫಿಗಸ್ ರೋಗಿಗಳಲ್ಲಿ ಒಬ್ಬರಿಗೆ ಥೈರಾಯ್ಡ್ ಇದ್ದೇ ಇರುತ್ತದೆ. ಮಹಿಳೆಯರಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಥೈರಾಯ್ಡ್ ಅವರಿಗೇ ಹೆಚ್ಚು. ಚರ್ಮರೋಗ ವೈದ್ಯರ ಮುಂದೆ ‘ನನಗೆ ಥೈರಾಯ್ಡೂ ಇದೆ’ ಎಂದು ಹೇಳುವ ಮೂರ್ನಾಲ್ಕು ರೋಗಿಗಳು ಒಂದೇ ವರ್ಷದಲ್ಲಿ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಇನ್ನೊಂದು ತುದಿಯಿಂದ ನೋಡಿದರೆ ಭಯ ಇನ್ನೂ ಇಳಿಯುತ್ತದೆ. ಎಂಟು ನಗರಗಳ ಅಂಕಿ ಹಳ್ಳಿಗಳಿಗೆ ಹಾಗೇ ಹೊಂದಲಿಕ್ಕಿಲ್ಲ. ಅದಕ್ಕೇ ಕೈಬಿಗಿ ಹಿಡಿದು, ಎರಡೂ ಜಿಲ್ಲೆಯಲ್ಲಿ ಥೈರಾಯ್ಡ್ ಇರುವವರು ಬರೀ 1 ಲಕ್ಷ ಎಂದುಕೊಳ್ಳೋಣ. ಸಾಮಾನ್ಯ ದರದಲ್ಲಿ ಈ 1 ಲಕ್ಷದಲ್ಲಿ ಪೆಂಫಿಗಸ್ ಬರುವುದು ಎರಡು ವರ್ಷಕ್ಕೆ ಒಬ್ಬರಿಗೆ. ಥೈರಾಯ್ಡ್‌ನಿಂದ ಅಪಾಯ ‘ಎರಡು ಪಟ್ಟು’ ಆಗುತ್ತದೆ ಎಂದು ತಲೆಬರಹ ಕಿರುಚಿದರೂ ಆ ಸಂಖ್ಯೆ ವರ್ಷಕ್ಕೆ ಒಬ್ಬರು ಆಗುತ್ತದೆ ಅಷ್ಟೇ. ಉಳಿದ 99,999 ಮಂದಿಗೆ ಆ ವರ್ಷ ಏನೂ ಆಗುವುದಿಲ್ಲ. ‘ಎರಡು ಪಟ್ಟು’ ಎಂದು ಬರೆಯುವವರು ‘ಯಾವುದರ ಎರಡು ಪಟ್ಟು’ ಎಂದು ಹೇಳದಿದ್ದರೆ ಆ ಸುದ್ದಿಯನ್ನು ಅರ್ಧ ಸುದ್ದಿ ಎಂದೇ ಓದಬೇಕು.

ಹಾಸನದವರಿಗೆ ಈ ಥರದ ಗೊಂದಲ ಹೊಸದಲ್ಲ. 2025ರ ಜೂನ್, ಜುಲೈನಲ್ಲಿ ಜಿಲ್ಲೆಯ ಹೃದಯಾಘಾತದ ಸಾವುಗಳನ್ನು ಟಿವಿಗಳು ದಿನಾ ಎಣಿಸಿದವು. ಆಸ್ಪತ್ರೆಗಳ ಮುಂದೆ ಪರೀಕ್ಷೆಗೆ ಸಾಲು ನಿಂತಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲೆಕ್ಕ ನೋಡಿ, ಅಸಹಜ ಏರಿಕೆ ಕಾಣಿಸುತ್ತಿಲ್ಲ ಎಂದಿತು. ಸಾವುಗಳು ನಿಜವೇ. ಆದರೆ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು ಎನ್ನುವುದು ಪಕ್ಕದಲ್ಲಿ ಇಲ್ಲದೆ ಬರೀ ಎಣಿಕೆ ಮಾಡಿದರೆ ಯಾವ ಸಂಖ್ಯೆಯೂ ದೊಡ್ಡದಾಗೇ ಕಾಣುತ್ತದೆ.

ಹಾಗಾದರೆ ಎಲ್ಲಾ ಕಾಕತಾಳೀಯವೇ?

ಅಲ್ಲ. ಸಂಶೋಧಕರಲ್ಲಿ ಇಲ್ಲಿ ಎರಡು ಬಣ ಇದೆ ಎನ್ನಬಹುದು.

ನಂಟು ನಿಜ ಎನ್ನುವವರ ವಾದ ಹೀಗಿದೆ. ಆಟೋಇಮ್ಯೂನ್ ಕಾಯಿಲೆಗಳು ಗುಂಪಾಗಿ ಬರುತ್ತವೆ. ಒಂದೇ ಮನೆಯಲ್ಲಿ ಅಮ್ಮನಿಗೆ ಥೈರಾಯ್ಡ್, ಮಗಳಿಗೆ ತೊನ್ನು, ಅತ್ತೆ ಮಗನಿಗೆ ಚಿಕ್ಕ ವಯಸ್ಸಿನ ಸಕ್ಕರೆ ಕಾಯಿಲೆ ಇರುವುದು ಅಪರೂಪವಲ್ಲ. ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಗುರುತಿಸಲು ದೇಹ ಬಳಸುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಸಮೂಹ ಒಂದಿದೆ. ಇದರಲ್ಲಿನ ಕೆಲವು ಬಗೆಗಳು ಪೆಂಫಿಗಸ್ ರೋಗಿಗಳಲ್ಲಿ ಹೆಚ್ಚು. ಥೈರಾಯ್ಡ್ ಕಾಯಿಲೆಯಲ್ಲೂ ಇದೇ ಸಮೂಹಕ್ಕೆ ಪಾತ್ರವಿದೆ. ಅಮೆರಿಕದ ಸಂಶೋಧಕರು 2015ರಲ್ಲಿ ಪೆಂಫಿಗಸ್, ಆಟೋಇಮ್ಯೂನ್ ಥೈರಾಯ್ಡ್, ರುಮಟಾಯ್ಡ್ ಸಂಧಿವಾತ ಮತ್ತು ಟೈಪ್-1 ಮಧುಮೇಹ ಒಂದೇ ಗುಂಪಾಗಿ ಕಾಣುತ್ತವೆ ಎಂದು ವರದಿ ಮಾಡಿದರು. ರೋಗಿಗಳಲ್ಲಷ್ಟೇ ಅಲ್ಲ, ಅವರ ಹತ್ತಿರದ ಸಂಬಂಧಿಕರಲ್ಲೂ. 2018ರ ಇನ್ನೊಂದು ಅಧ್ಯಯನದಲ್ಲಿ, ಡೆಸ್ಮೊಗ್ಲೀನ್ ಪ್ರತಿಕಾಯ ಸಿಗದ ಪೆಂಫಿಗಸ್ ರೋಗಿಗಳಲ್ಲಿ ಆಂಟಿ-ಟಿಪಿಒ ಹೆಚ್ಚಾಗಿ ಕಂಡಿತು. ಈ ಒಂದು ವಿಷಯವೇ ತುಂಬಾ ಕುತೂಹಲದ್ದು. ಚರ್ಮದ ರೋಗದಲ್ಲಿ ಥೈರಾಯ್ಡ್ ಪ್ರತಿಕಾಯಕ್ಕೇನು ಕೆಲಸ? ಅದು ಬರೀ ಪಕ್ಕದಲ್ಲಿ ನಿಂತು ನೋಡುತ್ತಿದೆಯೋ, ಕೈ ಹಾಕುತ್ತಿದೆಯೋ? ಈ ಪ್ರಶ್ನೆ ಇನ್ನೂ ತೆರೆದೇ ಇದೆ.

ಅನುಮಾನಪಡುವವರ ವಾದಕ್ಕೂ ತೂಕ ಇದೆ. ಹಳೆಯ ಅಧ್ಯಯನಗಳಲ್ಲಿ ಕೆಲವು ಬೆರಳೆಣಿಕೆಯ ರೋಗಿಗಳ ಮೇಲೆ ನಡೆದವು. ಪೆಂಫಿಗಸ್ ರೋಗಿಗಳು ಪದೇ ಪದೇ ಆಸ್ಪತ್ರೆಗೆ ಹೋಗುತ್ತಾರೆ, ಪದೇ ಪದೇ ರಕ್ತ ಪರೀಕ್ಷೆ ಆಗುತ್ತದೆ. ಹುಡುಕಿದಷ್ಟೂ ಸಿಗುತ್ತದೆ. ಆರೋಗ್ಯವಾಗಿರುವವರನ್ನು ಅಷ್ಟೇ ಸಲ ಪರೀಕ್ಷಿಸಿದ್ದರೆ ಅವರಲ್ಲೂ ಎಷ್ಟೋ ಥೈರಾಯ್ಡ್ ಸಿಗುತ್ತಿತ್ತು. ಮೇಲೆ ಹೇಳಿದ ಎಂಟು ನಗರಗಳ ಅಧ್ಯಯನದಲ್ಲೇ ಶೇ 3.47 ಮಂದಿಗೆ ಪರೀಕ್ಷೆ ಮಾಡುವವರೆಗೂ ತಮಗೆ ಕಾಯಿಲೆ ಇರುವುದೇ ತಿಳಿದಿರಲಿಲ್ಲ.

ಎರಡನ್ನೂ ಇಟ್ಟು ನೋಡಿದರೆ, ಇಬ್ಬರೂ ಸ್ವಲ್ಪ ಸ್ವಲ್ಪ ಸರಿ ಎನ್ನುವುದಕ್ಕಿಂತ ಖಚಿತವಾಗಿ ಒಂದು ಮಾತು ಹೇಳಬಹುದು. ಥೈರಾಯ್ಡ್‌ನಿಂದ ಗುಳ್ಳೆ ಬರುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಗುಳ್ಳೆಯಿಂದ ಥೈರಾಯ್ಡ್ ಬರುತ್ತದೆ ಎನ್ನುವುದಕ್ಕೂ ಇಲ್ಲ. ಎರಡಕ್ಕೂ ಒಂದೇ ಬೇರು ಇರುವ ಸಾಧ್ಯತೆ ಗಟ್ಟಿಯಾಗಿದೆ. ಬೇರು ಒಂದೇ ಆದರೆ, ಒಂದು ಕೊಂಬೆ ಕಡಿದರೆ ಇನ್ನೊಂದು ಒಣಗುತ್ತದೆ ಎಂದೇನೂ ಇಲ್ಲ. ಥೈರಾಯ್ಡ್ ಹತೋಟಿಗೆ ತಂದರೆ ಗುಳ್ಳೆ ತಾನಾಗೇ ಹೋಗುತ್ತದೆ ಎಂದು ಭರವಸೆ ಕೊಡುವವರ ಮಾತಿನಲ್ಲಿ ಹುರುಳಿಲ್ಲದಿರುವುದು ಇದಕ್ಕೇ.

ಮಾತ್ರೆಯ ಮೇಲಿನ ಅನುಮಾನ

ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ನಮ್ಮ ದೇಹವೇ ತಯಾರಿಸುವ ಹಾರ್ಮೋನಿನ ನಕಲು. ಅದು ಪೆಂಫಿಗಸ್ ತರುವ ಔಷಧಿಗಳ ಸಾಲಿನಲ್ಲಿ ಇಲ್ಲ. ಸುದ್ದಿ ಓದಿ ಸುಮ್ನೆ ಮಾತ್ರೆ ಬಿಟ್ಟರೆ ಗುಳ್ಳೆಯಿಂದ ರಕ್ಷಣೆ ಸಿಗುವುದಿಲ್ಲ. ಕೆಲವೇ ವಾರಗಳಲ್ಲಿ ಹಳೆಯ ಸುಸ್ತು, ಊತ ವಾಪಸ್ ಬರುತ್ತವೆ.

ಹಾಗೆಂದು ಔಷಧಿಯಿಂದ ಗುಳ್ಳೆ ಬರುವುದೇ ಇಲ್ಲ ಎಂದಲ್ಲ. ಪೆನಿಸಿಲಮೈನ್, ಕ್ಯಾಪ್ಟೊಪ್ರಿಲ್‌ನಂಥ ಔಷಧಿಗಳಿಂದ ಪೆಂಫಿಗಸ್ ಬರಬಹುದು. ಇವುಗಳ ಬಳಕೆ ಈಗ ಕಡಿಮೆ. ನಿಜಕ್ಕೂ ಗಮನಿಸಬೇಕಾದದ್ದು ಸಕ್ಕರೆ ಕಾಯಿಲೆಯ ಗ್ಲಿಪ್ಟಿನ್ ಗುಂಪು: ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ಮುಂತಾದವು. ಇವುಗಳಿಗೂ ಬುಲ್ಲಸ್ ಪೆಂಫಿಗಾಯ್ಡ್‌ಗೂ ನಂಟು ಇರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಕೊನೆಗೆ ಮುಗಿದ ಮೇಲೆ ಭಾರತದಲ್ಲಿ ಅದರ ಬೆಲೆ ಇಳಿಯಿತು, ಬಳಕೆ ಹೆಚ್ಚಿತು. ಅರವತ್ತು ದಾಟಿದವರಿಗೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಎರಡೂ ಇದ್ದು, ವಿಪರೀತ ತುರಿಕೆಯ ಬಿಗಿ ಗುಳ್ಳೆ ಎದ್ದರೆ ಅನುಮಾನಿಸಬೇಕಾದದ್ದು ಥೈರಾಯ್ಡ್ ಮಾತ್ರೆಯನ್ನಲ್ಲ, ಸಕ್ಕರೆ ಮಾತ್ರೆಯನ್ನು. ಅದನ್ನೂ ತಾವಾಗೇ ಬಿಡುವಂತಿಲ್ಲ. ಚೀಟಿ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದರೆ ಬೇರೆ ಗುಂಪಿನ ಔಷಧಿಗೆ ಬದಲಿಸುತ್ತಾರೆ.

ತೋಟ, ಹೊಲದ ಸೀಮೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕಾಫಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಆಲೂಗಡ್ಡೆಗೆ ಹೊಡೆಯುವ ಔಷಧಿಗಳಿಂದ ಇದು ಬರುತ್ತಾ? ಬೇರೆ ದೇಶಗಳ ಕೆಲವು ಸಮೀಕ್ಷೆಗಳಲ್ಲಿ ಪೆಂಫಿಗಸ್ ರೋಗಿಗಳು ಕೀಟನಾಶಕದ ಸಂಪರ್ಕ ಇತ್ತು ಎಂದು ಉಳಿದವರಿಗಿಂತ ಹೆಚ್ಚಾಗಿ ಹೇಳಿದ್ದಾರೆ. ಆದರೆ ಅದು ಕಾಯಿಲೆ ಬಂದ ಮೇಲೆ ನೆನಪಿಸಿಕೊಂಡು ಕೊಟ್ಟ ಉತ್ತರ. ಕಾರಣ ಎಂದು ಹೇಳಲು ಅಷ್ಟು ಸಾಲದು. ಕೈಗವಸು, ಮುಖಗವಸು ಹಾಕಿಕೊಂಡು ಹೊಡೆಯುವುದಕ್ಕೆ ಬೇರೆ ಕಾರಣಗಳೇ ಸಾಕಷ್ಟಿವೆ.

ಎರಡೂ ಇದ್ದವರಿಗೆ ನಿಜವಾದ ತೊಡಕು ಎಲ್ಲಿ

ತಲೆಬರಹಗಳು ಮುಟ್ಟದ ಜಾಗ ಇದು. ಎರಡು ಕಾಯಿಲೆಗಳ ನಂಟಿಗಿಂತ ಎರಡು ಚಿಕಿತ್ಸೆಗಳ ನಂಟು ರೋಗಿಯ ದಿನಚರಿಯನ್ನು ಹೆಚ್ಚು ಕಾಡುತ್ತದೆ.

ಪೆಂಫಿಗಸ್‌ಗೆ ಮೊದಲ ಮದ್ದು ಈಗಲೂ ಸ್ಟೀರಾಯ್ಡ್. 1950ರ ದಶಕದಲ್ಲಿ ಇದು ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಬಹುಪಾಲು ಮಂದಿ ಉಳಿಯುತ್ತಿರಲಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರಿಚಾ 1980ರ ದಶಕದಲ್ಲಿ ತಿಂಗಳಿಗೊಮ್ಮೆ ಮೂರು ದಿನ ಡ್ರಿಪ್ ಮೂಲಕ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಡುವ ಪದ್ಧತಿ ತಂದರು. ದೇಶದ ಎಷ್ಟೋ ರೋಗಿಗಳು ಅದರಿಂದ ಬದುಕಿದರು.

ಥೈರಾಯ್ಡ್ ಕಡಿಮೆಯಾದಾಗ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಬ ಹಾರ್ಮೋನಿನ ಅಂಕಿ ಏರುತ್ತದೆ. ಆದರೆ ಸ್ಟೀರಾಯ್ಡ್ ಹೆಚ್ಚು ಪ್ರಮಾಣದಲ್ಲಿ ಹೋದಾಗ ಆ ಅಂಕಿ ತಾನಾಗೇ ಇಳಿಯುತ್ತದೆ. ಥೈರಾಯ್ಡ್ ಗ್ರಂಥಿಯ ಟಿ4 ಹಾರ್ಮೋನು ದೇಹ ನಿಜಕ್ಕೂ ಬಳಸುವ ಟಿ3 ಆಗಿ ಬದಲಾಗುವುದೂ ಕಡಿಮೆಯಾಗುತ್ತದೆ. ಹಾಗಾಗಿ ಆ ಸಮಯದ ಥೈರಾಯ್ಡ್ ರಿಪೋರ್ಟ್ ನೋಡಿ ‘ಥೈರಾಯ್ಡ್ ಸರಿಹೋಯ್ತು’ ಎಂದು ಮಾತ್ರೆ ಕಡಿಮೆ ಮಾಡುವುದು ತಪ್ಪಾಗಬಹುದು. ಸ್ಟೀರಾಯ್ಡ್ ಶುರು ಮಾಡುವ ಮೊದಲೇ ಒಮ್ಮೆ ಟಿಎಸ್‌ಎಚ್ ನೋಡಿಟ್ಟುಕೊಂಡರೆ ಮುಂದೆ ಹೋಲಿಸಲು ಅನುಕೂಲ.

ಲಕ್ಷಣಗಳೂ ಕಲಸಿಹೋಗುತ್ತವೆ. ಮುಖ ಊದುವುದು, ತೂಕ ಏರುವುದು, ಸ್ನಾಯು ಸೋಲುವುದು, ಸುಸ್ತು: ಇವು ಸ್ಟೀರಾಯ್ಡ್‌ನಿಂದಲೂ ಬರುತ್ತವೆ, ಥೈರಾಯ್ಡ್ ಕಡಿಮೆಯಾದರೂ ಬರುತ್ತವೆ. ಮುಖ ನೋಡಿ ಹೇಳುವುದು ಕಷ್ಟ.

ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಸ್ಟೀರಾಯ್ಡ್ ಮೂಳೆ ಸವೆಸುತ್ತದೆ ಎಂದು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಹೊಟ್ಟೆ ಉರಿಯಬಾರದು ಎಂದು ಪ್ಯಾಂಟೊಪ್ರಜೋಲ್ ಕೊಡುತ್ತಾರೆ. ರಕ್ತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೊಟ್ಟೆಯೊಳಗೆ ಥೈರಾಯ್ಡ್ ಮಾತ್ರೆಯ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಪ್ಯಾಂಟೊಪ್ರಜೋಲ್‌ನಿಂದಲೂ ಅದರ ಹೀರಿಕೆ ತಗ್ಗಬಹುದು. ಬೆಳಗ್ಗೆ ಎಲ್ಲಾ ಮಾತ್ರೆ ಒಂದೇ ಗುಕ್ಕಿಗೆ ನುಂಗಿದರೆ ಮೂರು ತಿಂಗಳ ನಂತರ ಟಿಎಸ್‌ಎಚ್ ಏರಿರುತ್ತದೆ. ಆಗ ಮನೆಯವರು ‘ಗುಳ್ಳೆ ಕಾಯಿಲೆ ಥೈರಾಯ್ಡ್‌ಗೂ ತಗುಲಿತು’ ಎಂದುಕೊಳ್ಳುತ್ತಾರೆ. ನಡೆದದ್ದು ಇಷ್ಟೇ: ಮಾತ್ರೆ ಒಳಗೆ ಹೋಗಲೇ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣಕ್ಕೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರ ಬೇಕು.

ಕಾಫಿಗೂ ಇದೇ ಮಾತು. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಹೀರಿಕೆ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಚಿಕ್ಕಮಗಳೂರಿನಲ್ಲಿ ಇದನ್ನು ಹೇಳುವುದು ಸ್ವಲ್ಪ ಕಷ್ಟವೇ. ಬಿಡಬೇಕಾಗಿಲ್ಲ, ನೀರಿನಲ್ಲಿ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಕಾದರೆ ಸಾಕು. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲು ಅದನ್ನು ಲ್ಯಾಬಿನಲ್ಲಿ ಹೇಳಬೇಕು. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಅಂಕಿಗಳನ್ನೇ ತಪ್ಪು ತೋರಿಸುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಸ್ಟೀರಾಯ್ಡನ್ನು ಏಕಾಏಕಿ ನಿಲ್ಲಿಸುವುದು. ಗುಳ್ಳೆ ಒಣಗಿತು, ಇನ್ನು ನಾಟಿ ಔಷಧಿ ಸಾಕು ಎಂದು ಬಿಟ್ಟವರು ಇದ್ದಾರೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಜೊತೆಗೆ ಥೈರಾಕ್ಸಿನ್ ನುಂಗುತ್ತಿದ್ದರೆ ಉಳಿದ ಅಲ್ಪ ಕಾರ್ಟಿಸಾಲ್ ಇನ್ನೂ ಬೇಗ ಖರ್ಚಾಗುತ್ತದೆ.

ಯಾರಿಗೆ ಯಾವ ಪರೀಕ್ಷೆ

ಪೆಂಫಿಗಸ್ ಬಂದವರೆಲ್ಲರಿಗೂ ಥೈರಾಯ್ಡ್ ನೋಡಬೇಕೇ? ಲಕ್ಷಣ ಇದ್ದರೆ ಮಾತ್ರ ಸಾಕು ಎನ್ನುವವರಿದ್ದಾರೆ. ಆದರೆ ಲಕ್ಷಣಗಳೇ ಸ್ಟೀರಾಯ್ಡ್‌ನಲ್ಲಿ ಮುಚ್ಚಿಹೋಗುವುದರಿಂದ, ಟಿಎಸ್‌ಎಚ್ ಕೆಲವು ನೂರು ರೂಪಾಯಿಯ ಪರೀಕ್ಷೆ ಆಗಿರುವುದರಿಂದ, ಶುರುವಿನಲ್ಲೇ ಒಮ್ಮೆ ಮಾಡಿಸುವುದು ಜಾಣತನ. ಆಂಟಿ-ಟಿಪಿಒ ಪದೇ ಪದೇ ಮಾಡಿಸುವುದರಲ್ಲಿ ಅರ್ಥ ಇಲ್ಲ. ಅಂಕಿ ಏರಿದರೂ ಇಳಿದರೂ ಚಿಕಿತ್ಸೆ ಬದಲಾಗುವುದಿಲ್ಲ.

ಉಲ್ಟಾ ದಾರಿ, ಅಂದರೆ ಥೈರಾಯ್ಡ್ ಇದ್ದವರಿಗೆಲ್ಲಾ ಪೆಂಫಿಗಸ್ ಪರೀಕ್ಷೆ, ಬೇಡವೇ ಬೇಡ. ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೂ ಬರದ ಕಾಯಿಲೆಗೆ ಎಲ್ಲರನ್ನೂ ಪರೀಕ್ಷಿಸಿದರೆ ಸಿಗುವುದರಲ್ಲಿ ಹೆಚ್ಚಿನವು ಸುಳ್ಳು ಪಾಸಿಟಿವ್, ಅಂದರೆ ಕಾಯಿಲೆ ಇಲ್ಲದಿದ್ದರೂ ಇದೆ ಎಂದು ತೋರಿಸುವ ರಿಪೋರ್ಟ್. ಇಂಥ ಸುದ್ದಿಗಳ ಬೆನ್ನಿಗೆ ‘ಆಟೋಇಮ್ಯೂನ್ ಪ್ಯಾಕೇಜ್’ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಪರೀಕ್ಷೆ ಮಾರುವವರು ಬರುತ್ತಾರೆ. ಲಕ್ಷಣ ಇಲ್ಲದವರಿಗೆ ಅದು ದುಡ್ಡಿನ ಜೊತೆ ನಿದ್ದೆಯನ್ನೂ ಕಳೆಯುತ್ತದೆ. ಥೈರಾಯ್ಡ್ ಇರಲಿ, ಇಲ್ಲದಿರಲಿ, ಬಾಯಿಹುಣ್ಣು ಮೂರು ವಾರ ದಾಟಿದರೂ ಮಾಗದಿದ್ದರೆ ಅಥವಾ ಗುಳ್ಳೆಗಳು ಒಡೆದು ಹಸಿಯಾಗೇ ಉಳಿದರೆ ಚರ್ಮರೋಗ ವೈದ್ಯರ ಹತ್ತಿರ ಹೋಗಬೇಕು.

ಜಿಲ್ಲೆಯಲ್ಲಿ ತಡವಾಗುವುದು ಎಲ್ಲಿ

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಚಿಕ್ಕಮಗಳೂರಿಗೂ ಈಚೆಗೆ ಬಂದಿದೆ. ಆದರೂ ಮೂಡಿಗೆರೆ, ಸಕಲೇಶಪುರದ ಒಳಗಿನ ಹಳ್ಳಿಯವರಿಗೆ ಬಾಯಿಹುಣ್ಣಿಗಾಗಿ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬರುವುದು ದೊಡ್ಡ ಮಾತು. ಮೊದಲು ತೋರಿಸುವುದು ಮೆಡಿಕಲ್ ಶಾಪಿಗೆ, ಆಮೇಲೆ ಹಲ್ಲಿನ ಡಾಕ್ಟರಿಗೆ. ಹಾಗಾಗಿ ಈ ಕಾಯಿಲೆಯನ್ನು ಮೊದಲು ಅನುಮಾನಿಸುವ ಅವಕಾಶ ಇರುವುದು ದಂತವೈದ್ಯರಿಗೇ.

ರೋಗ ಖಚಿತವಾಗಲು ಚರ್ಮದ ಎರಡು ಚೂರು ಬೇಕು. ಒಂದು ಸಾಮಾನ್ಯ ಬಯಾಪ್ಸಿಗೆ, ಅದನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಇನ್ನೊಂದು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ, ಪ್ರತಿಕಾಯ ಎಲ್ಲಿ ಕೂತಿದೆ ಎಂದು ನೋಡಲು. ಈ ಎರಡನೆಯದನ್ನು ಗುಳ್ಳೆಯ ಮೇಲಿಂದಲ್ಲ, ಪಕ್ಕದ ಚೆನ್ನಾಗಿರುವ ಚರ್ಮದಿಂದ ತೆಗೆಯಬೇಕು. ಮಾದರಿ ಕೆಡದಂತೆ ಕಾಯುವ ಮಿಶೆಲ್ಸ್ ದ್ರಾವಣದಲ್ಲಿ ಹಾಕಿ ಕಳಿಸಬೇಕು. ಅದು ಇಲ್ಲದಿದ್ದರೆ ಸಲೈನ್‌ನಲ್ಲಿ ಹಾಕಿ ಒಂದು ದಿನದೊಳಗೆ ಲ್ಯಾಬ್ ತಲುಪಿಸಬಹುದು. ಮರೆತು ಇದನ್ನೂ ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಡುತ್ತದೆ. ರೋಗಿ ಮತ್ತೆ ಬರಬೇಕು, ಮತ್ತೆ ಚೂರು ಕೊಡಬೇಕು. ಬೆಂಗಳೂರು, ಮಂಗಳೂರು, ಮಣಿಪಾಲದ ಲ್ಯಾಬ್‌ಗಳಿಗೆ ಇಲ್ಲಿಂದ ಒಂದೇ ದಿನದಲ್ಲಿ ಮಾದರಿ ತಲುಪಿಸಬಹುದು. ಸರಿಯಾದ ಬಾಟಲಿ ಇಟ್ಟುಕೊಂಡರೆ ರೋಗಿಯನ್ನು ಘಾಟಿ ಇಳಿಸುವ ಬದಲು ಮಾದರಿಯನ್ನು ಇಳಿಸಬಹುದು.

ಚಿಕಿತ್ಸೆಯಲ್ಲೂ ದಾರಿ ಬದಲಾಗಿದೆ. ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು ತಗ್ಗಿಸುವ ರಿಟಕ್ಸಿಮ್ಯಾಬ್ ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಪೆಂಫಿಗಸ್‌ಗಾಗಿ ಒಪ್ಪಿಗೆ ಕೊಟ್ಟಿತು. ಫ್ರಾನ್ಸ್‌ನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಿಟಕ್ಸಿಮ್ಯಾಬ್ ಜೊತೆ ಕಡಿಮೆ ಅವಧಿಯ ಸ್ಟೀರಾಯ್ಡ್ ಪಡೆದವರಲ್ಲಿ ಶೇ 89 ಮಂದಿ ಎರಡು ವರ್ಷದ ಹೊತ್ತಿಗೆ ಔಷಧಿ ಇಲ್ಲದೆಯೂ ರೋಗಮುಕ್ತರಾಗಿದ್ದರು. ಬರೀ ಸ್ಟೀರಾಯ್ಡ್ ಪಡೆದವರಲ್ಲಿ ಅದು ಶೇ 34. ಭಾರತದ ಕಂಪನಿಯೊಂದು 2007ರಲ್ಲೇ ಇದರ ದೇಶಿ ಆವೃತ್ತಿ ತಂದದ್ದರಿಂದ ಬೆಲೆ ತಗ್ಗಿದೆ. ಆದರೂ ಕೂಲಿ ಮಾಡುವ ಮನೆಗೆ ಅದು ಹಗುರವಲ್ಲ. ಸಾಮಾನ್ಯವಾಗಿ ಹದಿನೈದು ದಿನದ ಅಂತರದಲ್ಲಿ ಎರಡು ಡ್ರಿಪ್ ಕೊಡುತ್ತಾರೆ. ಅದಕ್ಕೆ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಕಡ್ಡಾಯ, ಯಾಕೆಂದರೆ ಒಳಗೆ ಅಡಗಿರುವ ಆ ವೈರಸ್ ಈ ಔಷಧಿಯ ನಂತರ ಕೆರಳಬಹುದು. ಥೈರಾಯ್ಡ್ ಮಾತ್ರೆ ಈ ಇಡೀ ಅವಧಿಯಲ್ಲಿ ಎಂದಿನಂತೆ ನಡೆಯುತ್ತದೆ. ಸ್ಟೀರಾಯ್ಡ್ ಪ್ರಮಾಣ ಇಳಿದು ಒಂದು ಮಟ್ಟಕ್ಕೆ ನಿಂತ ಮೇಲೆ ಟಿಎಸ್‌ಎಚ್ ಮತ್ತೊಮ್ಮೆ ನೋಡಿ, ಬೇಕಿದ್ದರೆ ಆಗ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ.